ಓದುಗರ ಪ್ರಶ್ನೆ: ಮೊಬೈಲ್ ಮುಂದೆ ಕೂತು ಕಾರ್ಗಿಲ್ ವಿಷ್ಯ ಮಾತಾಡೋಕಾಗುತ್ತಾ?

ಪ್ರಶ್ನೆ: ನಮ್ಮದು ಪೊನ್ನಂಪೇಟೆ ಹತ್ರ ಒಂದು ಊರು. ನಮ್ಮ ಯಜಮಾನ್ರು ಹವಾಲ್ದಾರಾಗಿ ರಿಟೈರ್ ಆದೋರು, 1999ರ ಕಾರ್ಗಿಲ್ ಯುದ್ಧದಲ್ಲಿ ದ್ರಾಸ್‌ನಲ್ಲಿದ್ರು. ರಾತ್ರಿ ನಿದ್ದೇಲಿ ಯಾರದೋ ಹೆಸರು ಹಿಡಿದು ಕೂಗ್ತಾರೆ. ಊರಲ್ಲಿ ಯಾರಾದ್ರೂ ತೀರಿಕೊಂಡಾಗ ಎರಡು ಗುಂಡು ಹಾರಿಸ್ತಾರಲ್ಲ, ಆ ಸದ್ದಿಗೆ ಕಾಫಿ ತೋಟದಲ್ಲೇ ನೆಲಕ್ಕೆ ಬಿದ್ದು ಕವುಚಿ ಮಲಗಿಬಿಡ್ತಾರೆ. ಬೆಂಗಳೂರಲ್ಲಿ ಡಾಕ್ಟರು ನೋಡಿ ಪಿಟಿಎಸ್‌ಡಿ, ಅಂದ್ರೆ ಹಳೇ ಆಘಾತ ಮನಸ್ಸಲ್ಲೇ ಉಳಿದು ಕಾಡೋ ಕಾಯಿಲೆ, ಅಂದ್ರು, ವಾರಕ್ಕೊಂದ್ಸಲ ವಿಡಿಯೋ ಕಾಲ್‌ನಲ್ಲೇ ಥೆರಪಿ ಮಾಡೋಣ ಅಂತಾರೆ. ಇವ್ರು "ಮೊಬೈಲ್ ನೋಡ್ಕೊಂಡು ಎಂಥ ಟ್ರೀಟ್‌ಮೆಂಟು" ಅಂತಿದ್ದಾರೆ. ನಿಜವಾಗ್ಲೂ ಉಪಯೋಗ ಆಗುತ್ತಾ? ಮಳೆಗಾಲದಲ್ಲಿ ನಮಗೆ ಕರೆಂಟೂ ಇರಲ್ಲ, ನೆಟ್‌ವರ್ಕೂ ಇರಲ್ಲ.
ಹೆಸರು ಬೇಡ, ಕೊಡಗು

ಉತ್ತರ: ಆಗುತ್ತೆ ಅಕ್ಕಾ. ಅಮೆರಿಕದಲ್ಲಿ ಮಾಜಿ ಸೈನಿಕರಿಗೇ ಅಂತ ಸರ್ಕಾರಿ ಆಸ್ಪತ್ರೆಗಳಿವೆ, ವಿಎ ಅಂತಾರೆ. ಅಲ್ಲಿ ಯುದ್ಧ ನೋಡಿ ಬಂದೋರಲ್ಲಿ ಕೆಲವರಿಗೆ ಎದುರು ಕೂರಿಸ್ಕೊಂಡು, ಕೆಲವರಿಗೆ ವಿಡಿಯೋದಲ್ಲಿ ಅದೇ ಥೆರಪಿ ಕೊಟ್ಟು ಹೋಲಿಸಿ ನೋಡಿದ್ದಾರೆ, ಒಂದ್ಸಲ ಅಲ್ಲ ಹಲವು ಸಲ, ಒಟ್ಟಾರೆ ವಿಡಿಯೋದೋರಿಗೂ ಅಷ್ಟೇ ಗುಣ ಕಂಡಿದೆ. ಅರ್ಧಕ್ಕೆ ಬಿಟ್ಟು ಹೋಗೋರು ಎರಡು ಕಡೆನೂ ಇರ್ತಾರೆ, ಯಾಕಂದ್ರೆ ಶುರುವಿನ ಕೆಲವು ವಾರ ಇದು ಕಷ್ಟನೇ.

ಬಹುಶಃ ಪ್ರೊಲಾಂಗ್ಡ್ ಎಕ್ಸ್‌ಪೋಷರ್ ಅನ್ನೋ ಥೆರಪಿ ಕೊಡ್ತಾರೆ. ಸಾಮಾನ್ಯವಾಗಿ 8ರಿಂದ 15 ಸೆಷನ್, ಒಂದೊಂದೂ ಒಂದೂವರೆ ಗಂಟೆ. ಅವತ್ತು ನಡೆದಿದ್ದನ್ನ ಕಣ್ಣು ಮುಚ್ಕೊಂಡು, ಈಗ್ಲೇ ನಡೀತಿದೆ ಅನ್ನೋ ಥರ ಬಾಯಿಬಿಟ್ಟು ಹೇಳ್ಬೇಕು, ಮುಗಿದ್ಮೇಲೆ ಮತ್ತೆ ಮೊದಲಿಂದ ಹೇಳ್ಬೇಕು, ಅದನ್ನ ರೆಕಾರ್ಡ್ ಮಾಡ್ಕೊಂಡು ಮನೇಲಿ ದಿನಾ ಕೇಳ್ಬೇಕು. ಕೇಳೋಕೆ ಕ್ರೂರ ಅನಿಸುತ್ತೆ, ಆದ್ರೆ ನೆನಪಿಂದ ತಪ್ಪಿಸ್ಕೊಂಡು ಓಡಿದಷ್ಟೂ ಅದು ಅಟ್ಟಿಸ್ಕೊಂಡು ಬರುತ್ತೆ, ನಿಂತು ನೋಡಿದ್ರೆ ನಿಧಾನಕ್ಕೆ ಹಳೇ ನೆನಪಾಗುತ್ತೆ. ಥೆರಪಿಸ್ಟ್‌ಗೆ ಹಿಂದಿ ಬರುತ್ತಾ ಅಂತ ಮೊದಲೇ ಕೇಳಿ, ದ್ರಾಸ್‌ನಲ್ಲಿ ಆಡಿದ ಮಾತೆಲ್ಲ ಹಿಂದೀಲೇ ಇರುತ್ತಲ್ಲ.

ನನ್ನ ಕೇಳಿದ್ರೆ ಸ್ಕ್ರೀನ್ ದೊಡ್ಡ ವಿಷ್ಯಾನೇ ಅಲ್ಲ. ದೊಡ್ಡ ವಿಷ್ಯ ಮನೆ. ಕ್ಲಿನಿಕ್‌ನಲ್ಲಾದ್ರೆ ಬಾಗಿಲು ಹಾಕೋದು, ಸೆಷನ್ ಆದ್ಮೇಲೆ ಸ್ವಲ್ಪ ಹೊತ್ತು ಕೂರಿಸೋದು ಎಲ್ಲ ಅವ್ರೇ ನೋಡ್ಕೋತಾರೆ, ಇಲ್ಲಿ ಅದು ನಿಮ್ಮ ಪಾಲಿಗೆ ಬರುತ್ತೆ. ಚಿಲಕ ಇರೋ ರೂಮು, ಇಯರ್‌ಫೋನ್, ಮುಖದ ಜೊತೆ ಕೈಯೂ ಕಾಣೋ ಹಾಗೆ ಮೊಬೈಲ್ ಇಡೋಕೆ ಒಂದು ಸ್ಟ್ಯಾಂಡು. ಕೈ ಯಾಕಂದ್ರೆ ಮುಖ ಗಟ್ಟಿಯಾಗಿದ್ರೂ ಬೆರಳು ನಡುಗೋದು ಥೆರಪಿಸ್ಟ್‌ಗೆ ಕಾಣ್ಬೇಕು. ನೀವು ಒಳಗಿರಬೇಡಿ. ಹೆಂಡತಿ ಮುಂದೆ ಹೇಳೋಕಾಗದ ಎಷ್ಟೋ ಇರುತ್ತೆ, ಅಡುಗೆಮನೇಲಿದ್ರೆ ಸಾಕು. ಮುಗಿದ ಕೂಡ್ಲೇ "ಏನ್ ಹೇಳಿದ್ರಿ" ಅಂತ ಕೇಳ್ಬೇಡಿ.

ಇನ್ನು ಕೋವಿ. ನಿಮ್ಮ ಮನೇಲೂ ಒಂದು ಇರುತ್ತೆ ಅಂದ್ಕೋತೀನಿ, ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ (ಕೊಡಗಲ್ಲಿ ವಂಶಪಾರಂಪರ್ಯವಾಗಿ ಬಂದ ಜಮೀನು ಇರೋರಿಗೆ) ಲೈಸೆನ್ಸ್‌ನಿಂದ ವಿನಾಯಿತಿ ಇದೆಯಲ್ಲ. ಬೆಂಗಳೂರಿನ ಥೆರಪಿಸ್ಟ್‌ಗೆ ಇದು ಹೊಳೆಯದೇ ಇರಬಹುದು, ಅವ್ರು ಕೇಳದಿದ್ರೂ ನೀವೇ ಹೇಳಿ. ಚಿಕಿತ್ಸೆ ಮುಗಿಯೋವರೆಗೂ ಕೋವಿ, ತೋಟಾ ಎರಡೂ ಮನೆಯಿಂದ ಹೊರಗೆ ಇರೋದು ಒಳ್ಳೇದು, ವಿನಾಯಿತಿ ಇರೋ ಕುಟುಂಬದೋರೇ ಯಾರಾದ್ರೂ ಇಟ್ಕೊಳ್ಳಲಿ. ಯಜಮಾನ್ರಿಗೆ ಗೊತ್ತಿಲ್ಲದೆ ಸಾಗಿಸೋದು ಬೇಡ, ಕೈಲ್‌ಪೊಳ್ದ್ ಹಬ್ಬದಲ್ಲಿ ಪೂಜೆ ಮಾಡೋ ವಸ್ತು ಅದು, ಮರ್ಯಾದೆ ಪ್ರಶ್ನೆ ಆಗುತ್ತೆ, ಕೂತು ಮಾತಾಡಿ ಒಪ್ಪಿಸಿ. ಮಿಲಿಟರಿ ಕ್ಯಾಂಟೀನ್ ರಮ್ಮೂ ಅಷ್ಟೇ, ಸೆಷನ್ ದಿನ ಅಂತೂ ಬೇಡವೇ ಬೇಡ.

ನೆಟ್‌ವರ್ಕಿಗೆ ಉಪಾಯ ಇದೆ. ಕಾಲ್ ಕಟ್ ಆದ್ರೆ ಯಾರು ಯಾರಿಗೆ ವಾಪಸ್ ಮಾಡ್ಬೇಕು ಅಂತ ಮೊದಲ ದಿನವೇ ಮಾತಾಡ್ಕೊಳ್ಳಿ, ವಿಡಿಯೋ ಬರದಿದ್ರೆ ಸಾದಾ ಫೋನಲ್ಲಿ ಮುಂದುವರಿಸ್ಬೇಕು, ಕಥೆ ಮಧ್ಯದಲ್ಲಿ ಅವ್ರನ್ನ ಒಂಟಿಯಾಗಿ ಬಿಡೋ ಹಾಗಿಲ್ಲ. ಮನೆ ಅಡ್ರೆಸ್ಸು, ತಕ್ಷಣ ಬರಬಲ್ಲ ಪಕ್ಕದ ಮನೆಯೋರ ನಂಬರು ಥೆರಪಿಸ್ಟ್ ಹತ್ರ ಇರಲಿ. ಜೂನ್ ಜುಲೈ ಬಿಟ್ಟು ಶುರು ಮಾಡಿದ್ರೆ ಇನ್ನೂ ವಾಸಿ.

ಮನೇಲೇ ಮಾಡೋದ್ರಲ್ಲಿ ಲಾಭನೂ ಇದೆ. ಗುಂಡಿನ ಸದ್ದಿಗೆ ಬಿದ್ದ ಆ ತೋಟದ ಜಾಗಕ್ಕೆ ಅವ್ರು ಈಗ ಹೋಗ್ತಾನೇ ಇಲ್ವೇನೋ. ಸಿಗ್ನಲ್ ಇದ್ರೆ ಥೆರಪಿಸ್ಟು ಫೋನಲ್ಲೇ ಜೊತೆಗಿದ್ದು ಅಲ್ಲಿಗೆ ನಡೆಸಬಹುದು, ಬೆಂಗಳೂರಿನ ರೂಮಲ್ಲಿ ಆ ತೋಟ ಎಲ್ಲಿಂದ ತರ್ತಾರೆ? ಯಜಮಾನ್ರಿಗೆ ಥೆರಪಿ ಅಂತೆಲ್ಲ ಹೇಳ್ಬೇಡಿ, ಮೊದಲ ಕಾಲ್ ಬರೀ ಪರಿಚಯಕ್ಕೆ, ಹಿಡಿಸದಿದ್ರೆ ಬಿಡಿ ಅನ್ನಿ. ರಾತ್ರಿ ತೀರಾ ಕಷ್ಟ ಆದ್ರೆ 14416ಕ್ಕೆ ಫೋನ್ ಮಾಡಿ, ಅದು ಟೆಲಿ ಮಾನಸ್ ಅನ್ನೋ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ, ಹಗಲೂ ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಪ್ರಶ್ನೆ: ನಾನೂ ಮಾಜಿ ಸೈನಿಕ, ಈಗ ಒಂದು ಬ್ಯಾಂಕಲ್ಲಿ ಗನ್‌ಮ್ಯಾನ್. ವಿಡಿಯೋದಲ್ಲಿ ಹೇಳಿದ್ದು ಬ್ಯಾಂಕಿನೋರಿಗೆ ಗೊತ್ತಾಗುತ್ತಾ ಸರ್?
ಓದುಗ, ಗದಗ

ಉತ್ತರ: ಥೆರಪಿಸ್ಟ್ ಹಾಗೆಲ್ಲ ಬ್ಯಾಂಕಿನೋರಿಗೆ ಹೇಳೋ ಹಾಗಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ನಿಮ್ಮ ಚಿಕಿತ್ಸೆಯ ವಿಷ್ಯ ಗುಟ್ಟಾಗಿರಬೇಕು. ಯಾರದ್ದಾದ್ರೂ ಜೀವಕ್ಕೆ ಅಪಾಯ ಇದೆ ಅನ್ನೋ ಥರದ ಕೆಲವು ಸಂದರ್ಭ ಮಾತ್ರ ಬೇರೆ. ಡ್ಯೂಟಿಯಲ್ಲಿ ಗನ್ ಹಿಡಿದಾಗ ಕೈ ನಡುಗುತ್ತೆ, ಸಿಟ್ಟು ತಡ್ಕೊಳ್ಳೋಕಾಗಲ್ಲ ಅಂತಿದ್ರೆ ಮುಚ್ಚಿಡದೆ ಥೆರಪಿಸ್ಟ್‌ಗೆ ಹೇಳಿ, ಕೆಲವು ತಿಂಗಳು ಗನ್ ಇಲ್ಲದ ಡ್ಯೂಟಿ ಕೇಳೋದು ಹೇಗೆ ಅಂತ ಇಬ್ಬರೂ ಸೇರಿ ಯೋಚನೆ ಮಾಡಬಹುದು. ಮತ್ತೆ ಕಾಲ್‌ಗೆ ಬ್ಯಾಂಕಿನ ವೈಫೈ, ಬ್ಯಾಂಕಿನ ರೆಸ್ಟ್‌ರೂಮ್ ಬೇಡ, ರಜೆ ದಿನ ಮನೇಲೇ ಮಾಡಿ.