ಪಶುವೈದ್ಯರ ಪಡಸಾಲೆ: ಹಸುವಿನ ಲವಣ, ಕುರಿಯ ನಂಜು

ಪ್ರಶ್ನೆ: ಶೆಡ್‌ನಲ್ಲೇ ಕಟ್ಟಿ 22 ಟಗರು ಸಾಕಿದ್ದೆ. ಬೇಗ ಮೈ ತುಂಬಲಿ ಅಂತ ನಾಲ್ಕು ತಿಂಗಳಿಂದ ಹಸುವಿನ ಹಿಂಡಿಯ ಜೊತೆ ಹಸುವಿನ ಲವಣ ಮಿಶ್ರಣವನ್ನೂ ಒಂದೊಂದಕ್ಕೆ ದಿನಕ್ಕೆ 30 ಗ್ರಾಂ ಕೊಡುತ್ತಿದ್ದೆ. ಹೋದ ವಾರ ಎಂಟನ್ನು ಟೆಂಪೋದಲ್ಲಿ ಸಂತೆಗೆ ಒಯ್ದೆ. ರೇಟು ಕುದುರಲಿಲ್ಲ, ವಾಪಸ್ ತಂದೆ. ಮಾರನೇ ದಿನ ಮೂರು ಮೇವು ಬಿಟ್ಟವು. ಕಣ್ಣು ಹಳದಿ, ಉಚ್ಚೆ ಕೋಲಾ ಬಣ್ಣ. ಉಣ್ಣೆ ಹುಳ ಕಚ್ಚಿ ಬರುವ ಉಣ್ಣೆ ಜ್ವರ ಇರಬೇಕು ಅಂದರು, ಇಂಜೆಕ್ಷನ್ ಹಾಕಿಸಿದೆ. ಮೂರೂ ಸತ್ತವು. ಅದೇ ಲವಣ ತಿನ್ನುವ ನನ್ನ ಹಸುಗಳು ಗುಂಡುಕಲ್ಲಿನ ಹಾಗಿವೆ. ಇದು ಯಾವ ರೋಗ?
– ಓದುಗರು, ಶಿರಾ ತಾಲೂಕು

ಉತ್ತರ: ಪ್ಯಾಕೆಟ್‌ನ ಫೋಟೊ ಕಳಿಸಿದ್ದು ಒಳ್ಳೆಯದಾಯಿತು. ಕೆಜಿಗೆ 1200 ಮಿಲಿಗ್ರಾಂ ತಾಮ್ರ ಎಂದು ಅದರ ಮೇಲೇ ಇದೆ. 30 ಗ್ರಾಂ ಲವಣದಲ್ಲಿ 36 ಮಿಲಿಗ್ರಾಂ ಆಯಿತು. ಟಗರು ದಿನಕ್ಕೆ ತಿನ್ನುವ ಮೇವು, ತೇವ ಕಳೆದರೆ, ಹೆಚ್ಚುಕಡಿಮೆ ಒಂದು ಕೆಜಿ. ಅದಕ್ಕೆ 7ರಿಂದ 11 ಮಿಲಿಗ್ರಾಂ ತಾಮ್ರ ಸಾಕು. ಮೇವಿನಲ್ಲಿ ತಾಮ್ರವನ್ನು ತಡೆಯುವ ಮಾಲಿಬ್ಡಿನಂ ಎಂಬ ಖನಿಜ ಕಡಿಮೆ ಇದ್ದರೆ 15–20 ಮಿಲಿಗ್ರಾಂ ದಾಟಿದಾಗಲೇ ಅಪಾಯ ಶುರು. ನೀವು ಲವಣ ಒಂದರಲ್ಲೇ 36 ಹಾಕಿದ್ದೀರಿ. ಹಸುವಿನ ಹಿಂಡಿಯಲ್ಲಿರುವುದು ಬೇರೆ. ಇದು ತಾಮ್ರದ ನಂಜು ಎಂದೇ ನನ್ನ ಅನುಮಾನ.

ಹಸುಗಳಿಗೆ ಯಾಕೆ ಏನೂ ಆಗಲಿಲ್ಲ? ಹಸು ಹೆಚ್ಚಾದ ತಾಮ್ರವನ್ನು ಪಿತ್ತದ ಜೊತೆ ಹೊರಗೆ ಹಾಕುತ್ತದೆ. ಕುರಿಗೆ ಆ ಶಕ್ತಿ ತುಂಬಾ ಕಡಿಮೆ. ಬಂದದ್ದನ್ನೆಲ್ಲ ಲಿವರ್‌ನಲ್ಲಿ ಕೂಡಿಡುತ್ತದೆ. ವಾರಗಟ್ಟಲೆ, ತಿಂಗಳುಗಟ್ಟಲೆ. ಅಷ್ಟು ದಿನವೂ ಟಗರು ಮೇಯುತ್ತದೆ, ಗುದ್ದಾಡುತ್ತದೆ, ನೋಡಿದವರಿಗೆ ಏನೂ ಗೊತ್ತಾಗುವುದಿಲ್ಲ. ಆಮೇಲೆ ಒಂದು ದಿನ ದೂರದ ಪ್ರಯಾಣ, ಮಳೆ, ಹಸಿವು, ಏನೋ ಒಂದು ನೆಪ. ಲಿವರ್ ಒಡೆದು ತಾಮ್ರವೆಲ್ಲ ಒಟ್ಟಿಗೆ ರಕ್ತಕ್ಕೆ ಬರುತ್ತದೆ. ಕೆಂಪು ಕಣಗಳು ಪಟಪಟನೆ ಒಡೆಯುತ್ತವೆ. ಹಳದಿ ಕಣ್ಣು, ಕೋಲಾ ಉಚ್ಚೆ ಅದರಿಂದಲೇ. ನಿಮ್ಮ ಟಗರುಗಳನ್ನು ಕೊಂದದ್ದು ನಾಲ್ಕು ತಿಂಗಳ ಲವಣ. ಸಂತೆ ಬರೀ ನೆಪ.

ಉಣ್ಣೆ ಜ್ವರ ಅಂದವರನ್ನು ಬೈಯಬೇಡಿ. ನಾನೂ ಅದೇ ತಪ್ಪು ಮಾಡಿದವನು. ಕೆಲಸಕ್ಕೆ ಸೇರಿದ ಹೊಸತು. ಒಂದು ಹಟ್ಟಿಯಲ್ಲಿ ಏಳು ಕುರಿಗೆ ಕೆಂಪು ಉಚ್ಚೆ. ಉಣ್ಣೆ ಹುಡುಕಿದೆ, ಎರಡು ಸಿಕ್ಕವು, ಅಷ್ಟೇ ಸಾಕಾಯಿತು ನನಗೆ. ಇಂಜೆಕ್ಷನ್ ಕೊಟ್ಟು ಬಂದೆ. ಎರಡು ದಿನದಲ್ಲಿ ನಾಲ್ಕು ಹೋದವು. ಒಂದನ್ನು ಕೊಯ್ದು ನೋಡಿದರೆ ಕಿಡ್ನಿ ಹಣ್ಣಾದ ನೇರಳೆಯ ಹಾಗೆ ಕಪ್ಪು ನೀಲಿ. ಮಾಲೀಕ ಆಗ ನಿಧಾನಕ್ಕೆ ಬಾಯಿ ಬಿಟ್ಟ: ಜಂತು ಹೋಗಲಿ ಅಂತ ವಾರಕ್ಕೊಮ್ಮೆ ಮೈಲುತುತ್ತದ ನೀರು ಕುಡಿಸುತ್ತಿದ್ದನಂತೆ. ಮೈಲುತುತ್ತ ಅಂದರೆ ತಾಮ್ರದ ಉಪ್ಪೇ. ಹಿಂದಿನ ಕಾಲದ ಔಷಧವೇ ಅದು, ಆದರೆ ವಾರ ವಾರ ಕೊಡುವಂಥದ್ದಲ್ಲ. ಅವತ್ತಿಂದ ಕೆಂಪು ಉಚ್ಚೆ ಕಂಡರೆ ಮೊದಲು ಗೋದಲಿ ನೋಡುತ್ತೇನೆ, ಆಮೇಲೆ ಕುರಿ. ಅಂದಹಾಗೆ, ನೀವು ಕೊಳೆತ ಈರುಳ್ಳಿ ರಾಶಿಗಟ್ಟಲೆ ಹಾಕಿರಲಿಲ್ಲ ತಾನೇ? ಅದೂ ರಕ್ತ ಒಡೆಸುತ್ತದೆ. ನಿಮ್ಮ ಕಡೆ ಬೆಲೆ ಬಿದ್ದಾಗ ಈರುಳ್ಳಿ ಕುರಿ ಹಟ್ಟಿಗೇ ಬರುವುದು ಅಲ್ವಾ, ಅದಕ್ಕೇ ಕೇಳಿದೆ.

ಈಗ ಉಳಿದ 19ರ ಮಾತು. 'ಚೆನ್ನಾಗಿವೆ' ಎಂದು ನಂಬಬೇಡಿ. ಅವುಗಳ ಲಿವರ್‌ನಲ್ಲೂ ಅದೇ ತಾಮ್ರ ಕೂಡಿಕೊಂಡಿದೆ. ಲವಣ ಮತ್ತು ಹಸುವಿನ ಹಿಂಡಿ ಇವತ್ತೇ ನಿಲ್ಲಿಸಿ. ಸಂತೆ, ತುಪ್ಪಟ ಕತ್ತರಿಸುವುದು, ಓಡಿಸುವುದು ಸದ್ಯಕ್ಕೆ ಬೇಡ. ನಿಮ್ಮ ಪಶುವೈದ್ಯರಿಗೆ ಈ ಪುಟ ತೋರಿಸಿ. ಅಮೋನಿಯಂ ಮಾಲಿಬ್ಡೇಟ್ ಮತ್ತು ಸೋಡಿಯಂ ಥಯೋಸಲ್ಫೇಟ್ ಎರಡನ್ನೂ ಸುಮಾರು ಮೂರು ವಾರ ದಿನಾ ಬಾಯಿಗೆ ಕುಡಿಸುತ್ತಾರೆ. ಎರಡನೆಯದು ಹಳೆಯ ಫೋಟೊ ಸ್ಟುಡಿಯೋದವರ 'ಹೈಪೋ'. ಮಾಲಿಬ್ಡಿನಂ ಮತ್ತು ಗಂಧಕ ಸೇರಿ ಹೊಟ್ಟೆಯಲ್ಲೇ ತಾಮ್ರವನ್ನು ಹಿಡಿದುಹಾಕುತ್ತವೆ. ಅಳತೆ ಮಾತ್ರ ವೈದ್ಯರದ್ದೇ ಆಗಲಿ. ಮಾಲಿಬ್ಡಿನಂ ಅತಿಯಾದರೆ ತಾಮ್ರದ ಕೊರತೆ ಬರುತ್ತದೆ, ಗಬ್ಬದ ಕುರಿಗೆ ಆ ಕೊರತೆ ಬಂದರೆ ಹುಟ್ಟುವ ಮರಿಗಳ ಹಿಂಗಾಲು ತೂರಾಡುತ್ತವೆ. ರಕ್ತ ಪರೀಕ್ಷೆ ಮಾಡಿಸುವುದಾದರೆ ಲಿವರ್ ಎನ್‌ಜೈಮ್ ನೋಡಿಸಿ. ಅವು ಕೆಲವು ವಾರ ಮೊದಲೇ ಏರುತ್ತವೆ. ರಕ್ತದ ತಾಮ್ರ ಕೊನೇ ಗಳಿಗೆಯವರೆಗೂ ಸರಿಯಾಗೇ ಕಂಡು ಮೋಸ ಮಾಡುತ್ತದೆ.

ಇನ್ನೊಂದು ಸತ್ತರೆ ನೀವೇ ಕೊಯ್ಯಬೇಡಿ. ಮೂಗು, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸುರಿದಿದ್ದರೆ ಅದು ನೆರಡಿ ರೋಗ (ಆಂಥ್ರಾಕ್ಸ್) ಇರಬಹುದು, ಮುಟ್ಟಲೂ ಬಾರದು. ಅದಲ್ಲ ಎಂದು ವೈದ್ಯರು ಖಚಿತ ಮಾಡಿಕೊಂಡ ಮೇಲೆ ಲಿವರ್, ಕಿಡ್ನಿ ತುಂಡು ತೆಗೆದು ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಗೆ ಕಳಿಸಲಿ. ಮಾಂಸ ಯಾರಿಗೂ ಬೇಡ, ನಾಯಿಗೂ ಬೇಡ. ಆಳವಾಗಿ ಹೂಳಿ.

ಪ್ರಶ್ನೆ: ನಮ್ಮದು ಅಡಿಕೆ ತೋಟ. ಕೊಳೆರೋಗಕ್ಕೆ ಬೋರ್ಡೋ ಹೊಡೆಸುತ್ತೇವೆ. ತೋಟದ ಹುಲ್ಲನ್ನೇ ದನಕ್ಕೆ ಹಾಕಿ ರೂಢಿ. ಈಗ ಮಗ ನಾಲ್ಕು ಕುರಿ ತಂದಿದ್ದಾನೆ. ತೋಟದಲ್ಲಿ ಬಿಡಬಹುದೇ?
– ಓದುಗರು, ತೀರ್ಥಹಳ್ಳಿ

ಉತ್ತರ: ಬೇಡ. ಬೋರ್ಡೋ ಅಂದರೆ 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಗೊನೆಗೆ ಹೊಡೆದರೂ ಅರ್ಧ ತೊಟ್ಟಿಕ್ಕುವುದು ಹುಲ್ಲಿನ ಮೇಲೇ. ವರ್ಷಾನುಗಟ್ಟಲೆ ಹೊಡೆದ ತೋಟದ ಮಣ್ಣಲ್ಲೂ ತಾಮ್ರ ಕೂತಿರುತ್ತದೆ. ಕುರಿ ಬುಡಕ್ಕೆ ಬಾಯಿ ಹಾಕಿ ಮಣ್ಣು ಸಮೇತ ಮೇಯುವ ಪ್ರಾಣಿ. ದೊಡ್ಡ ದನ ತಡೆದುಕೊಳ್ಳುತ್ತದೆ, ಮೇಕೆ ಕುರಿಗಿಂತ ಗಟ್ಟಿ, ಎಳೆಗರು ಮಾತ್ರ ಸೂಕ್ಷ್ಮ. ದನಕ್ಕೂ ಹುಲ್ಲನ್ನು ಔಷಧಿ ಹೊಡೆಯುವ ಮುಂಚೆಯೇ ಕೊಯ್ದುಬಿಡಿ. ಆಮೇಲಿನದಕ್ಕೆ ನಾಲ್ಕು ಜೋರು ಮಳೆ ಬೀಳಲಿ.

ಹುಲ್ಲಿಗಿಂತ ನನಗೆ ಭಯ ಡ್ರಮ್ಮಿನದು. ಮೈಲುತುತ್ತ ಕರಗಿಸಿದ ನೀರನ್ನು ತೋಟದ ಮೂಲೆಯಲ್ಲಿ ಹಾಗೇ ಬಿಟ್ಟು ಊಟಕ್ಕೆ ಹೋಗುತ್ತಾರೆ. ಅದನ್ನು ಕುಡಿದರೆ ತಿಂಗಳು ಕಾಯುವ ಪ್ರಶ್ನೆಯೇ ಇಲ್ಲ. ಜೊಲ್ಲು, ಹೊಟ್ಟೆನೋವು, ನೀಲಿ ಹಸಿರು ಬೇಧಿ, ಒಂದೆರಡು ದಿನದಲ್ಲಿ ಸಾವು. ಗೊರಸು ಕೊಳೆತಕ್ಕೆ ಮೈಲುತುತ್ತದ ನೀರಲ್ಲಿ ಕುರಿ ಕಾಲು ಅದ್ದಿಸುವವರಿಗೂ ಇದೇ ಮಾತು. ಮೊದಲು ಹೊಟ್ಟೆ ತುಂಬ ನೀರು ಕುಡಿಸಿ, ಆಮೇಲೆ ಕಾಲು ಅದ್ದಿಸಿ.

ಪ್ರಶ್ನೆ: ತಾಮ್ರದ ಪಾತ್ರೆಯ ನೀರು ನಮಗೆ ಒಳ್ಳೆಯದು ಅನ್ನುತ್ತಾರೆ. ಅಜ್ಜಿ ಕಾಲದ ತಾಮ್ರದ ಹಂಡೆ ಸುಮ್ನೆ ಬಿದ್ದಿದೆ. ಕುರಿಮರಿಗಳಿಗೆ ಅದರಲ್ಲೇ ಕಲಗಚ್ಚು ಇಡಲೇ?
– ಓದುಗರು, ಬನ್ನೂರು

ಉತ್ತರ: ಕಲಗಚ್ಚು ಸಂಜೆಗೆ ಹುಳಿಯುತ್ತದೆ. ಹುಳಿ ತಾಮ್ರವನ್ನು ಕರಗಿಸುತ್ತದೆ. ಕಲಾಯಿ ಹೋದ ಪಾತ್ರೆಯಲ್ಲಿ ನಿಮ್ಮಜ್ಜಿ ಮಜ್ಜಿಗೆ ಇಡುತ್ತಿರಲಿಲ್ಲ, ಕಿಲುಬು ಬರುತ್ತದೆ ಎಂದು ಅವರಿಗೆ ಗೊತ್ತಿತ್ತು. ಹಂಡೆ ಬಚ್ಚಲಲ್ಲೇ ಇರಲಿ. ಮರಿಗಳಿಗೆ ಸಿಮೆಂಟ್ ತೊಟ್ಟಿ ಕಟ್ಟಿಸಿ.