ಎಂಆರ್‌ಐ ನಾರ್ಮಲ್ ಬಂದರೂ ಅಪ್ಪಾಜಿಗೆ ಮರೆವು ಯಾಕೆ?

ಸರ್, ದಾವಣಗೆರೆಯಲ್ಲಿ ಮಾಡಿಸಿದ ಎಂಆರ್‌ಐ ನಾರ್ಮಲ್ ಇದೆ, ಆದರೂ ಪಾರ್ಕಿನ್ಸನ್ ಇರುವ ಅಪ್ಪಾಜಿಗೆ ಮರೆವು ಜಾಸ್ತಿ ಆಗುತ್ತಿದೆ ಎಂದಿದ್ದೀರಿ. ಹೀಗಾಗುವುದು ಅಪರೂಪವಲ್ಲ. ಸಾದಾ ಎಂಆರ್‌ಐ ಮಾಡಿಸುವುದೇ ಮುಖ್ಯವಾಗಿ ಸ್ಟ್ರೋಕ್, ಗಡ್ಡೆ ಇಲ್ಲ ಅಂತ ಖಚಿತ ಮಾಡಿಕೊಳ್ಳಲು. ಪಾರ್ಕಿನ್ಸನ್ ಜೊತೆ ಮರೆವು ಇರುವವರಲ್ಲಿ, ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ ಎಂಬ ಮೆದುಳಿನ ಭಾಗ ಕುಗ್ಗುವುದು, ಮೆದುಳಿನ ಹೊರಪದರ ತೆಳುವಾಗುವುದು ತುಂಬಾ ಜನರ ಸ್ಕ್ಯಾನ್ ಹೋಲಿಸಿದಾಗ ಕಾಣುತ್ತದೆ. ಒಬ್ಬರದ್ದನ್ನೇ ನೋಡಿ ಹೇಳುವುದು ಕಷ್ಟ. ಪೆಟ್ ಸ್ಕ್ಯಾನ್‌ನಲ್ಲಿ ಮೆದುಳಿನ ಹಿಂಭಾಗ ಸಕ್ಕರೆ ಕಡಿಮೆ ಬಳಸುವುದು ಕಾಣಬಹುದು.

ಆದರೆ ಅದಕ್ಕಾಗಿ ಬೆಂಗಳೂರಿಗೆ ಓಡುವ ಮೊದಲು ದಯವಿಟ್ಟು ಮಾತ್ರೆ ಚೀಟಿ ನೋಡಿ. ಟ್ರೈಹೆಕ್ಸಿಫೆನಿಡಿಲ್ ಇದೆಯಾ? ನಡುಕಕ್ಕೆ ಕೊಡುವ ಈ ಮಾತ್ರೆಯಿಂದ ವಯಸ್ಸಾದವರಿಗೆ ಮರೆವು, ಗೊಂದಲ ಹೆಚ್ಚಾಗಬಹುದು. ಇದ್ದರೂ ನೀವೇ ನಿಲ್ಲಿಸಬೇಡಿ, ನರರೋಗ ವೈದ್ಯರನ್ನು ಕೇಳಿ. ಮರೆವಿಗೆ ಬೇರೆ ಕಾರಣ ಇದೆಯಾ ಅಂತ ತಿಳಿಯಲು ವಿಟಮಿನ್ ಬಿ12, ಥೈರಾಯ್ಡ್ ಕೂಡ ಪರೀಕ್ಷೆ ಮಾಡಿಸಿ.