ಅಮೆರಿಕದಿಂದ ರೈಫಲ್ ಸ್ಕೋಪ್ ತರಿಸಿಕೊಳ್ಳಬಹುದೇ?

ಪ್ರಶ್ನೆ: ಹತ್ತನೇ ತರಗತಿಯಲ್ಲಿರುವ ನನ್ನ ಮಗ ವಾರಕ್ಕೆರಡು ದಿನ ಬೆಂಗಳೂರಿಗೆ ಹೋಗಿ 10 ಮೀಟರ್ ಏರ್ ರೈಫಲ್ ಅಭ್ಯಾಸ ಮಾಡುತ್ತಾನೆ. ಅವನಿಗೊಂದು ಒಳ್ಳೆಯ ಸ್ಕೋಪ್ ಕೊಡಿಸುವ ಆಸೆ. ಅಮೆರಿಕದ ಅಂಗಡಿಯೊಂದು ಭಾರತಕ್ಕೆ ಕಳುಹಿಸುವುದಿಲ್ಲ ಎಂದಿದೆ. ದುಬೈ ಮೂಲಕ ತರಿಸಿ, ಬಿಲ್ಲಿನಲ್ಲಿ ಕ್ಯಾಮೆರಾ ಲೆನ್ಸ್ ಎಂದು ಬರೆಸಿದರಾಯಿತು ಎಂದು ಪರಿಚಯದವರೊಬ್ಬರು ಹೇಳುತ್ತಾರೆ. ಯುಗಾದಿಗೆ ಅಮೆರಿಕದಿಂದ ಬರುವ ಭಾವಮೈದ ಸೂಟ್‌ಕೇಸಿನಲ್ಲಿ ತಂದರೂ ತೊಂದರೆಯೇ?
– ಓದುಗರು, ಗೌರಿಬಿದನೂರು

ಉತ್ತರ: ಕಾನೂನಿಗಿಂತ ಮೊದಲು ಆಟದ ಮಾತು ಹೇಳುತ್ತೇನೆ, ಏಕೆಂದರೆ ನಿಮ್ಮ ಹಣ ಅಲ್ಲಿಯೇ ಉಳಿಯುತ್ತದೆ. ಅಂತರರಾಷ್ಟ್ರೀಯ ನಿಯಮದಂತೆ 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ರೈಫಲ್ಲಿಗೆ ದೂರದರ್ಶಕ, ಅಂದರೆ ಸ್ಕೋಪ್, ಕೂರಿಸುವಂತಿಲ್ಲ. ರೈಫಲ್ಲಿನ ಹಿಂದಿನ ಸೈಟಿನ (ಗುರಿ ನೋಡುವ ಭಾಗ) ಸಣ್ಣ ರಂಧ್ರದ ಮೂಲಕ ನೋಡುತ್ತಾ, ನಳಿಗೆಯ ತುದಿಯಲ್ಲಿರುವ ಉಂಗುರದೊಳಗೆ ಗುರಿಹಲಗೆಯ ಕಪ್ಪು ವೃತ್ತವನ್ನು ಸುತ್ತಲೂ ಸಮನಾದ ಬಿಳಿ ಅಂಚು ಉಳಿಯುವಂತೆ ನಿಲ್ಲಿಸುವುದೇ ಈ ಆಟದ ವಿದ್ಯೆ. ಹತ್ತು ಅಂಕದ ಚುಕ್ಕೆ ಕೇವಲ 0.5 ಮಿಲಿಮೀಟರ್ ಅಗಲ. ಅದನ್ನು ಹಿಗ್ಗಿಸಿ ನೋಡುವುದನ್ನು ರೂಢಿ ಮಾಡಿಕೊಂಡ ಹುಡುಗ ಸ್ಪರ್ಧೆಯ ದಿನ ಕಷ್ಟಪಡುತ್ತಾನೆ. ಮಗ ‘ಸೈಟ್’ ಎಂದದ್ದು ಮನೆಯಲ್ಲಿ ‘ಸ್ಕೋಪ್’ ಎಂದು ಕೇಳಿಸಿರಬಹುದೆಂಬ ಅನುಮಾನ ನನಗಿದೆ. ತರಬೇತುದಾರರಿಂದ ಬೇಕಾದ ಭಾಗದ ಹೆಸರನ್ನು ಚೀಟಿಯಲ್ಲಿ ಬರೆಸಿಕೊಳ್ಳಿ.

ಇನ್ನು ಆ ಅಂಗಡಿಯ ವಿಷಯ. ಅವರು ನಿಮ್ಮನ್ನು ಸಂಶಯಿಸಿ ನಿರಾಕರಿಸಿದ್ದಲ್ಲ. ಅಮೆರಿಕದಲ್ಲಿ ಬಂದೂಕಿನ ಸ್ಕೋಪುಗಳು ವಾಣಿಜ್ಯ ಇಲಾಖೆಯ ರಫ್ತು ನಿಯಂತ್ರಣ ಪಟ್ಟಿಯಲ್ಲಿ 0ಎ504 ಎಂಬ ಸಂಖ್ಯೆಯಡಿ ಬರುತ್ತವೆ. ಯಾವ ದೇಶಕ್ಕೆ, ಯಾರಿಗೆ, ಯಾವ ಬಳಕೆಗೆ ಎಂಬುದನ್ನು ಪರಿಶೀಲಿಸಿ, ಅಗತ್ಯವಿದ್ದಲ್ಲಿ ಪರವಾನಗಿ ಪಡೆಯುವ ಹೊಣೆ ಕಳುಹಿಸುವವರದ್ದು. ಒಂದೇ ಒಂದು ಸ್ಕೋಪ್ ಮಾರಲು ಇಷ್ಟು ಕಾಗದಪತ್ರ ಹೊರುವುದಕ್ಕಿಂತ, ದೇಶದ ಹೊರಗೆ ಕಳುಹಿಸುವುದಿಲ್ಲ ಎಂದುಬಿಡುವುದು ಚಿಲ್ಲರೆ ಅಂಗಡಿಗಳಿಗೆ ಸುಲಭ.

ದುಬೈ ದಾರಿಯಿಂದ ಈ ನಿರ್ಬಂಧ ಕಳಚುವುದಿಲ್ಲ. ಅಮೆರಿಕದಿಂದ ಹೊರಟ ವಸ್ತು ಮೂರನೇ ದೇಶದಿಂದ ಮತ್ತೊಂದು ದೇಶಕ್ಕೆ ಹೋಗುವಾಗಲೂ ಅದೇ ನಿಯಮಕ್ಕೆ ಒಳಪಟ್ಟಿರುತ್ತದೆ. ಅದನ್ನು ಮರುರಫ್ತು ಎನ್ನುತ್ತಾರೆ. ಸೂಟ್‌ಕೇಸಿನಲ್ಲಿಟ್ಟು ಒಯ್ದರೂ ಅದು ರಫ್ತೇ. ನಿಮ್ಮ ಭಾವಮೈದ ಅಮೆರಿಕದಲ್ಲಿ ದುಡಿಯುವವರು ಎಂಬುದನ್ನು ದಯವಿಟ್ಟು ಮರೆಯಬೇಡಿ: ತಿಳಿದೂ ತಿಳಿದೂ ಈ ನಿಯಮ ಮುರಿದವರಿಗೆ ಅಲ್ಲಿನ 2018ರ ಕಾಯ್ದೆಯಡಿ 20 ವರ್ಷಗಳವರೆಗೆ ಸೆರೆವಾಸ, 10 ಲಕ್ಷ ಡಾಲರ್‌ವರೆಗೆ ದಂಡ ವಿಧಿಸಲು ಅವಕಾಶವಿದೆ.

ನಮ್ಮ ಕಡೆಯಲ್ಲೂ ‘ಕ್ಯಾಮೆರಾ ಲೆನ್ಸ್’ ಎಂಬ ಬರಹ ನಿಲ್ಲುವುದಿಲ್ಲ. ಸುಂಕದ ಪಟ್ಟಿಯಲ್ಲಿ ಕ್ಯಾಮೆರಾ ಲೆನ್ಸಿಗೆ 9002, ದುರ್ಬೀನಿಗೆ 9005, ಆಯುಧಕ್ಕೆ ಕೂರಿಸುವ ದೂರದರ್ಶಕಕ್ಕೆ 9013 ಎಂದು ಬೇರೆ ಬೇರೆ ಶೀರ್ಷಿಕೆಗಳಿವೆ. ಕೊಳವೆಯ ಮೇಲೆ ಮತ್ತು ಪಕ್ಕದಲ್ಲಿರುವ ಎರಡು ತಿರುಪುಗಳು, ಕಣ್ಣಿಟ್ಟರೆ ಕಾಣುವ ಅಡ್ಡ-ಉದ್ದ ಗೆರೆ, ಇಷ್ಟು ಸಾಕು, ದೇವನಹಳ್ಳಿಯ ವಿಮಾನ ನಿಲ್ದಾಣದ ಕಸ್ಟಮ್ಸ್ ಅಧಿಕಾರಿಗೆ ಅದೇನೆಂದು ಗೊತ್ತಾಗಲು. 1962ರ ಕಸ್ಟಮ್ಸ್ ಕಾಯ್ದೆಯಲ್ಲಿ ವಸ್ತುವಿನ ಮುಟ್ಟುಗೋಲಿಗೆ ಅವಕಾಶವಿದೆ. ಅಲ್ಲದೆ ಗೊತ್ತಿದ್ದೂ ಸುಳ್ಳು ಘೋಷಣೆ ಮಾಡಿದರೆ 114ಎಎ ಕಲಮಿನಡಿ ಬೆಲೆಯ ಐದು ಪಟ್ಟಿನವರೆಗೆ ದಂಡ ಹಾಕಬಹುದು.

ತರಬೇತುದಾರರ ಚೀಟಿ ಕೈಗೆ ಬಂದ ಮೇಲೆ, ಕ್ರೀಡಾ ಶೂಟಿಂಗ್ ಸಾಮಗ್ರಿಯನ್ನು ಸಕ್ರಮವಾಗಿ ಆಮದು ಮಾಡಿಕೊಳ್ಳುವ ಇಲ್ಲಿನ ವ್ಯಾಪಾರಿಯಿಂದಲೇ ಖರೀದಿಸಿ, ತೆರಿಗೆ ಸಹಿತ ಬಿಲ್ ಪಡೆದು ಜೋಪಾನ ಮಾಡಿ. ಬೆಲೆ ಹೆಚ್ಚೆನಿಸಿದರೂ ಅದರಲ್ಲಿ ಸುಂಕವೂ ಸೇರಿರುತ್ತದೆ. ಭಾವಮೈದ ಈಗಾಗಲೇ ಸ್ಕೋಪ್ ಕೊಂಡಿದ್ದರೆ ಪ್ರಯಾಣಕ್ಕೆ ಮುನ್ನವೇ, ಅಂಗಡಿಯ ವಾಪಸಾತಿಯ ಗಡುವಿನೊಳಗೆ ಅದನ್ನು ಹಿಂತಿರುಗಿಸುವಂತೆ ಇಂದೇ ಫೋನ್ ಮಾಡಿ ತಿಳಿಸಿ.